ಹಿತ್ತಿಲ ಪ್ರಶ್ನೋತ್ತರ: ಹಿಮ ಬೀಳುವ ಊರುಗಳಲ್ಲಿ ಗಿಡಗಳ ರಕ್ಷಣೆ

ಪ್ರಶ್ನೆ: ನಾವು ಅಮೆರಿಕದ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ಬೇಸಿಗೆಯಲ್ಲಿ ಕುಂಡಗಳಲ್ಲಿ ಸೊಂಪಾಗಿ ಬೆಳೆದಿದ್ದ ಕರಿಬೇವು, ದುಂಡುಮಲ್ಲಿಗೆ ಮತ್ತು ತುಳಸಿಯನ್ನು ಅಕ್ಟೋಬರ್ ಕೊನೆಯಲ್ಲಿ ಮನೆಯೊಳಗೆ ತಂದೆವು. ಈಗ ಕರಿಬೇವಿನ ಎಲೆಗಳೆಲ್ಲ ಹಳದಿಯಾಗಿ ಉದುರಿ ಬರಿಯ ಕಡ್ಡಿ ಉಳಿದಿದೆ. ಗಿಡ ಸತ್ತಿದೆಯೇ? ಮುಂದಿನ ವರ್ಷ ಅದನ್ನು ನೆಲದಲ್ಲಿಯೇ ನೆಟ್ಟು ಚೆನ್ನಾಗಿ ಹೊದಿಸಿದರೆ ಚಳಿಗಾಲ ಕಳೆಯಬಹುದೇ?

ಉತ್ತರ: ಬಹುಮಟ್ಟಿಗೆ ಸತ್ತಿರಲಾರದು. ಕಾಂಡದ ತೊಗಟೆಯನ್ನು ಉಗುರಿನಿಂದ ತುಸು ಕೆರೆದು ನೋಡಿ; ಒಳಗೆ ಹಸಿರು ಕಂಡರೆ ಜೀವವಿದೆ. ಬೆಳಕು ಕಡಿಮೆಯಾಗಿ ತಂಪು ಹೆಚ್ಚಿದಾಗ ಕರಿಬೇವು ಎಲೆ ಉದುರಿಸಿ ವಿಶ್ರಾಂತಿಗೆ ಹೋಗುತ್ತದೆ. ಈ ಸ್ಥಿತಿಯಲ್ಲಿ ಅದನ್ನು ಕೊಲ್ಲುವುದು ಚಳಿಗಿಂತ ಹೆಚ್ಚಾಗಿ ನಮ್ಮ ಮಮತೆ: ಎಲೆ ಉದುರಿತೆಂದು ಗಾಬರಿಯಾಗಿ ದಿನವೂ ನೀರು ಹಾಕುತ್ತೇವೆ, ಎಲೆಯಿಲ್ಲದ ಗಿಡಕ್ಕೆ ಆ ನೀರು ಬೇಡವಾದ್ದರಿಂದ ಬೇರು ಕೊಳೆಯುತ್ತದೆ. ಮೇಲಿನ ಎರಡು ಮೂರು ಸೆಂಟಿಮೀಟರ್ ಮಣ್ಣು ಪೂರ್ತಿ ಒಣಗಿದ ಮೇಲೆಯೇ ನೀರು ಕೊಡಿ. ಚಿಗುರು ಕಾಣುವವರೆಗೆ ಗೊಬ್ಬರ ಬೇಡ.

ನೆಲದಲ್ಲಿ ನೆಡುವ ವಿಚಾರವನ್ನು ಮಾತ್ರ ಕೈಬಿಡಿ. ಅಮೆರಿಕದ ಕೃಷಿ ಇಲಾಖೆ 2023ರಲ್ಲಿ ಪರಿಷ್ಕರಿಸಿದ ಸಸ್ಯವಲಯ ನಕ್ಷೆಯಲ್ಲಿ ನಿಮ್ಮ ಊರು 7ನೆಯ ವಲಯಕ್ಕೆ ಸೇರುತ್ತದೆ, ಅಂದರೆ ವರ್ಷದ ಅತಿ ಚಳಿಯ ರಾತ್ರಿ ಅಲ್ಲಿ ಸರಾಸರಿ ಮೈನಸ್ 12ರಿಂದ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿಯುತ್ತದೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ನಮ್ಮ ಕಡೆಯ ಗಿಡಗಳಿಗೆ ಹೆಪ್ಪುಗಟ್ಟುವ ಚಳಿಯನ್ನು ಎದುರಿಸುವ ಒಳಗಿನ ಸಿದ್ಧತೆಯೇ ಇಲ್ಲ. ಹೊದಿಕೆಯಾದರೋ ಶಾಖವನ್ನು ಹುಟ್ಟಿಸುವುದಿಲ್ಲ, ನೆಲದಲ್ಲಿರುವ ಶಾಖವನ್ನು ಸ್ವಲ್ಪ ಕಾಲ ಹಿಡಿದಿಡುತ್ತದೆ ಅಷ್ಟೆ. ನಿಮ್ಮ ರಾಜ್ಯದ ಇಟಾಲಿಯನ್ ಮೂಲದ ಕುಟುಂಬಗಳು ಅಂಜೂರದ ಮರವನ್ನು ಗೋಣಿಯಿಂದ ಸುತ್ತಿ, ಕೆಲವೊಮ್ಮೆ ಬಗ್ಗಿಸಿ ಮಣ್ಣಿನಲ್ಲಿ ಹೂತು ಚಳಿಗಾಲ ದಾಟಿಸುವುದನ್ನು ನೀವು ನೋಡಿರಬಹುದು. ಅದು ಸಾಧ್ಯವಾಗುವುದು ಅಂಜೂರ ಸ್ವಭಾವತಃ ಎಲೆ ಉದುರಿಸಿ ಮಲಗುವ ಮರವಾದ್ದರಿಂದ, ಮತ್ತು ಮೇಲಿನ ಕೊಂಬೆ ಸತ್ತರೂ ಬೇರಿನಿಂದ ಮತ್ತೆ ಚಿಗುರುವುದರಿಂದ.

ಮುಂದಿನ ಸಲ ಅಕ್ಟೋಬರ್ ಕೊನೆಯವರೆಗೆ ಕಾಯದೆ, ರಾತ್ರಿಯ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯತೊಡಗಿದಾಗಲೇ ಕುಂಡಗಳನ್ನು ಒಳಗೆ ತನ್ನಿ. ತುಳಸಿ ಎಲ್ಲಕ್ಕಿಂತ ಮೊದಲು ಸೊರಗುತ್ತದೆ. ಅದರ ಬೀಜವನ್ನು ಎತ್ತಿಟ್ಟು ಮಾರ್ಚ್‌ನಲ್ಲಿ ಕಿಟಕಿಯ ಬಳಿ ಬಿತ್ತುವುದೇ ಸುಲಭ. ಮಲ್ಲಿಗೆಗೆ ದಕ್ಷಿಣದ ಬಿಸಿಲು ಬೀಳುವ ಕಿಟಕಿಯೇ ಬೇಕು. ಒಳಗೆ ತರುವ ಮುನ್ನ ಎಲೆಗಳ ಅಡಿಭಾಗವನ್ನು ನೀರಿನಿಂದ ಚೆನ್ನಾಗಿ ತೊಳೆಯಿರಿ, ಏಕೆಂದರೆ ಹೀಟರಿನ ಒಣ ಗಾಳಿಯಲ್ಲಿ ನುಸಿ ಮತ್ತು ಶಲ್ಕಕೀಟಗಳು ಬೇಗ ಹೆಚ್ಚುತ್ತವೆ. ಇನ್ನೊಂದು ಮಾತು: ಫ್ಲೋರಿಡಾದ ನೆಂಟರ ಮನೆಯಿಂದ ಕರಿಬೇವಿನ ಸಸಿ ತರುವ ಆಸೆ ಬೇಡ. ನಿಂಬೆ, ಕಿತ್ತಳೆ ಗಿಡಗಳ ಹಸಿರುರೋಗವನ್ನು ಹರಡುವ ಸಿಲ್ಲಿಡ್ ಕೀಟಕ್ಕೆ ಕರಿಬೇವೂ ಆಶ್ರಯ ಕೊಡುವುದರಿಂದ ಅಲ್ಲಿನ ಗಿಡಗಳ ಸಾಗಣೆಗೆ ಕಾನೂನಿನ ನಿರ್ಬಂಧವಿದೆ.

ಪ್ರಶ್ನೆ: ಬಾಸ್ಟನ್ ಹತ್ತಿರ ಹೊಸದಾಗಿ ಮನೆ ಕೊಂಡಿದ್ದೇವೆ. ಬೇಲಿಯ ಸಾಲಿನಲ್ಲಿ ಆರ್ಬರ್‌ವೈಟಿ ಎಂಬ ನಿತ್ಯಹಸಿರಿನ ಗಿಡಗಳು, ಮುಂದುಗಡೆ ರೋಡೊಡೆಂಡ್ರನ್ ಎಂಬ ಹೂಗಿಡ ಮತ್ತು ಕಸಿ ಗುಲಾಬಿಗಳಿವೆ. ಪ್ರತಿ ಸಲ ಹಿಮ ಬಿದ್ದಾಗಲೂ ಗಿಡಗಳ ಮೇಲಿನದನ್ನೂ ಪಾತಿಯಲ್ಲಿರುವುದನ್ನೂ ತೆಗೆಯಬೇಕೇ?

ಉತ್ತರ: ಪಾತಿಯ ಹಿಮವನ್ನು ಮುಟ್ಟಬೇಡಿ. ಹೊಸದಾಗಿ ಬಿದ್ದ ಹಗುರ ಹಿಮದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಗಾಳಿಯೇ ಇರುವುದರಿಂದ ಅದು ನೆಲಕ್ಕೆ ಹೊದಿಸಿದ ಕಂಬಳಿಯಂತೆ ಕೆಲಸ ಮಾಡುತ್ತದೆ. ಹೊರಗೆ ಮೈನಸ್ 15 ಇದ್ದರೂ ದಪ್ಪ ಹಿಮದಡಿಯ ಮಣ್ಣು ಸೊನ್ನೆಯ ಆಸುಪಾಸಿನಲ್ಲಿಯೇ ಉಳಿಯುತ್ತದೆ. ಹಿಮವಿಲ್ಲದ ಒಣ ಚಳಿಯೇ ಗಿಡಗಳಿಗೆ ಹೆಚ್ಚು ಅಪಾಯಕಾರಿ. ಆಗ ನೆಲ ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುತ್ತ ಉಬ್ಬಿ ಇಳಿಯುತ್ತದೆ, ಹೊಸದಾಗಿ ನೆಟ್ಟ ಗಿಡಗಳ ಬೇರು ಮೇಲಕ್ಕೆ ಎದ್ದು ಬರುತ್ತದೆ. ಇದನ್ನು ತಡೆಯಲು ಒಣ ಎಲೆ, ಹುಲ್ಲು ಅಥವಾ ಮರದ ಚಕ್ಕೆಗಳನ್ನು ಐದರಿಂದ ಹತ್ತು ಸೆಂಟಿಮೀಟರ್ ದಪ್ಪ ಹರಡಬೇಕು, ಆದರೆ ನೆಲ ಒಮ್ಮೆ ಹೆಪ್ಪುಗಟ್ಟಿದ ಬಳಿಕ. ಮೊದಲೇ ಹರಡಿದರೆ ಬೆಚ್ಚಗಿನ ಗೂಡು ಹುಡುಕುವ ಇಲಿಗಳಿಗೆ ಆಹ್ವಾನ ಕೊಟ್ಟಂತಾಗುತ್ತದೆ, ಅವು ಚಳಿಗಾಲವಿಡೀ ತೊಗಟೆ ಮೆಲ್ಲುತ್ತವೆ. ಕಾಂಡದ ಸುತ್ತ ಒಂದಿಷ್ಟು ಜಾಗ ಬಿಡುವುದೂ ಇದೇ ಕಾರಣಕ್ಕೆ.

ಕೊಂಬೆಗಳ ಮೇಲೆ ಕೂರುವ ಒದ್ದೆ ಹಿಮದ ಮಾತು ಬೇರೆ. ಆರ್ಬರ್‌ವೈಟಿಯ ನೆಟ್ಟಗಿನ ರೆಂಬೆಗಳು ಅದರ ಭಾರಕ್ಕೆ ಹೊರಕ್ಕೆ ಬಾಗಿ ಸೀಳುತ್ತವೆ. ಹಿಮ ಬೀಳುತ್ತಿರುವಾಗಲೇ ಪೊರಕೆಯನ್ನು ರೆಂಬೆಯ ಕೆಳಗಿಟ್ಟು ಮೆಲ್ಲನೆ ಮೇಲಕ್ಕೆತ್ತಿ ಉದುರಿಸಿ, ಮೇಲಿನಿಂದ ಬಡಿಯಬೇಡಿ. ಮಳೆ ಹೆಪ್ಪುಗಟ್ಟಿ ಗಾಜಿನಂಥ ಮಂಜುಗಡ್ಡೆ ಅಂಟಿದ್ದರೆ ಕೈಯನ್ನೇ ಹಚ್ಚಬೇಡಿ, ತಾನಾಗಿ ಕರಗಲಿ. ಆಗ ಅಲ್ಲಾಡಿಸಿದರೆ ರೆಂಬೆ ಮುರಿಯುವುದು ಖಚಿತ. ಬೇಲಿ ಇನ್ನೂ ಎಳೆಯದಾಗಿದ್ದರೆ ನವೆಂಬರ್‌ನಲ್ಲಿಯೇ ರೆಂಬೆಗಳನ್ನು ಮೆತ್ತನೆಯ ಹಗ್ಗದಿಂದ ಸಡಿಲವಾಗಿ ಸುತ್ತಿ ಕಟ್ಟಿಡಬಹುದು.

ರೋಡೊಡೆಂಡ್ರನ್ ಎಲೆಗಳು ಚಳಿಯಲ್ಲಿ ಸುರುಳಿ ಸುತ್ತಿ ಜೋತುಬಿದ್ದರೆ ಗಾಬರಿ ಬೇಡ, ಅದು ಗಿಡದ ಸ್ವರಕ್ಷಣೆ. ಫೆಬ್ರವರಿ, ಮಾರ್ಚ್‌ನಲ್ಲಿ ಎಲೆಯ ಅಂಚು ಕಂದಾದರೆ ಮಾತ್ರ ಚಿಂತಿಸಬೇಕು. ನಿತ್ಯಹಸಿರಿನ ಗಿಡಗಳು ಬಿಸಿಲು ಗಾಳಿಗೆ ಚಳಿಗಾಲದಲ್ಲಿಯೂ ನೀರು ಕಳೆದುಕೊಳ್ಳುತ್ತಲೇ ಇರುತ್ತವೆ, ಆದರೆ ಹೆಪ್ಪುಗಟ್ಟಿದ ಮಣ್ಣಿನಿಂದ ಬೇರು ನೀರನ್ನು ಎಳೆಯಲಾರದು. ನಾವು ಚಳಿಗೆ ಸತ್ತಿತೆಂದು ಹೇಳುವ ಗಿಡಗಳಲ್ಲಿ ಎಷ್ಟೋ ನಿಜವಾಗಿ ಬಾಯಾರಿ ಸತ್ತವು. ನೆಲ ಗಟ್ಟಿಯಾಗುವ ಮೊದಲು ಆಳವಾಗಿ ನೀರುಣಿಸಿ, ಗಾಳಿ ಬರುವ ಕಡೆ ಗೂಟ ನೆಟ್ಟು ಗೋಣಿಬಟ್ಟೆಯ ಪರದೆ ಕಟ್ಟಿ. ಗುಲಾಬಿಗೆ ಕಸಿ ಮಾಡಿದ ಗಂಟೇ ಜೀವಸ್ಥಾನವಾದ್ದರಿಂದ, ಬೇರೆಡೆಯಿಂದ ತಂದ ಮಣ್ಣನ್ನು ಅದರ ಮೇಲೆ 20ರಿಂದ 30 ಸೆಂಟಿಮೀಟರ್ ಎತ್ತರಕ್ಕೆ ಏರಿಸಿ. ಕಾಲುದಾರಿಗೆ ಎರಚಿದ ಉಪ್ಪು ಬೆರೆತ ಹಿಮವನ್ನು ಪಾತಿಗೆ ತಳ್ಳಬಾರದೆಂದು ಬೇರೆ ಹೇಳಬೇಕಿಲ್ಲ.

ಪ್ರಶ್ನೆ: ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ 2021ರ ಫೆಬ್ರವರಿಯ ಚಳಿಯಲ್ಲಿ ಪ್ಲಾಸ್ಟಿಕ್ ಹೊದಿಸಿದ್ದರೂ ನಮ್ಮ ನಿಂಬೆ ಗಿಡ ಸುಟ್ಟಂತೆ ಕಪ್ಪಾಗಿ ಸತ್ತಿತು. ಹೊದಿಕೆಯಿಂದ ಪ್ರಯೋಜನವೇ ಇಲ್ಲವೇ?

ಉತ್ತರ: ಆ ಫೆಬ್ರವರಿ 16ರಂದು ಡಲ್ಲಾಸ್‌ನಲ್ಲಿ ಮೈನಸ್ 19 ಡಿಗ್ರಿ ದಾಖಲಾಯಿತು. ಆ ಮಟ್ಟದ ಚಳಿಯಿಂದ ನಿಂಬೆಯನ್ನು ಯಾವ ಬಟ್ಟೆಯೂ ಉಳಿಸುತ್ತಿರಲಿಲ್ಲ. ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗಿನ ಸಾಧಾರಣ ರಾತ್ರಿಗಳಲ್ಲಿ ಹೊದಿಕೆ ಖಂಡಿತ ಉಪಯುಕ್ತ. ಹಳೆಯ ಹಾಸಿನ ಬಟ್ಟೆಯನ್ನು ಗೂಟಗಳ ಮೇಲಿನಿಂದ ನೆಲ ಮುಟ್ಟುವಂತೆ ಇಳಿಬಿಟ್ಟು ಅಂಚಿಗೆ ಕಲ್ಲು ಹೇರಿ. ಕಾಂಡಕ್ಕೆ ಮಾತ್ರ ಸುತ್ತಿ ಕಟ್ಟಿದರೆ ನೆಲದ ಶಾಖ ಗಿಡಕ್ಕೆ ತಲುಪುವುದೇ ಇಲ್ಲ. ಪ್ಲಾಸ್ಟಿಕ್ ಎಲೆಗೆ ತಾಗಿದ ಕಡೆಯಲ್ಲೆಲ್ಲ ಎಲೆ ಹೆಪ್ಪುಗಟ್ಟುತ್ತದೆ, ಹಗಲಿನಲ್ಲಿ ತೆಗೆಯದಿದ್ದರೆ ಬಿಸಿಲಿಗೆ ಬೇಯುತ್ತದೆ. ಒಳಗೆ ದೀಪದ ಸರ ಹಾಕುವುದಾದರೆ ಹಳೆಯ ತಂತಿ ಬಲ್ಬಿನದನ್ನೇ ಹಾಕಿ. ಎಲ್‌ಇಡಿ ದೀಪ ಬೆಳಕು ಕೊಟ್ಟೀತೇ ಹೊರತು ಹೇಳಿಕೊಳ್ಳುವಷ್ಟು ಶಾಖ ಕೊಡದು. ನಿಂಬೆ ಬೇಕೇ ಬೇಕೆಂದರೆ ಕುಂಡದಲ್ಲಿ ಬೆಳೆಸಿ.

ಪ್ರಶ್ನೆ: ಊಟಿಯ ಬಳಿ ಇಳಿಜಾರಿನಲ್ಲಿ ನಮ್ಮ ತರಕಾರಿ ತೋಟವಿದೆ. ಡಿಸೆಂಬರ್, ಜನವರಿಯಲ್ಲಿ ಕೆಳಗಿನ ಪಾತಿಗಳ ಬೀನ್ಸ್ ಮತ್ತು ಆಲೂಗೆಡ್ಡೆ ಮಾತ್ರ ಕರಕಲಾಗುತ್ತವೆ, ಮೇಲಿನವು ಉಳಿಯುತ್ತವೆ. ನೀರು ಸಿಂಪಡಿಸಬಹುದೇ?

ಉತ್ತರ: ಮೋಡವಿಲ್ಲದ, ಗಾಳಿಯಾಡದ ರಾತ್ರಿಗಳಲ್ಲಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ, ತಣಿದು ಭಾರವಾದ ಗಾಳಿ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ಮಡುಗಟ್ಟುತ್ತದೆ. ತಲೈಕುಂದಾ, ಕಾಂದಲ್‌ನಂಥ ತಗ್ಗುಗಳಲ್ಲಿ ಹುಲ್ಲು ಬೆಳ್ಳಗಾಗುವುದು ಹೀಗೆಯೇ. ಸಿಂಪಡಣೆಯ ಹಿಂದಿನ ತತ್ತ್ವ ಸರಿ: ಒಂದು ಗ್ರಾಂ ನೀರು ಹೆಪ್ಪುಗಟ್ಟುವಾಗ ಸುಮಾರು 80 ಕ್ಯಾಲೊರಿ ಶಾಖ ಹೊರಬಿಡುತ್ತದೆ. ಆದರೆ ಉಷ್ಣಾಂಶ ಸೊನ್ನೆಗೆ ಇಳಿಯುವ ಮೊದಲೇ ಆರಂಭಿಸಿ, ಬೆಳಗ್ಗೆ ಮಂಜುಗಡ್ಡೆ ಕರಗುವವರೆಗೂ ಬಿಡದೆ ನಡೆಸಬೇಕು. ನಡುವೆ ಪಂಪು ನಿಂತರೆ ಆವಿಯಾಗುವ ನೀರು ಅದರ ಏಳು ಪಟ್ಟಿಗೂ ಮಿಕ್ಕಿ ಶಾಖವನ್ನು ಎಲೆಯಿಂದ ಕಸಿಯುವುದರಿಂದ, ವಿದ್ಯುತ್ತಿನ ಭರವಸೆ ಇಲ್ಲದವರು ಇದಕ್ಕೆ ಇಳಿಯದಿರುವುದು ಲೇಸು. ಅದರ ಬದಲು ಹಗಲಿನಲ್ಲಿ ಪಾತಿಗಳಿಗೆ ನೀರು ಹಾಯಿಸಿ, ಒದ್ದೆ ಮಣ್ಣು ಬಿಸಿಲಿನ ಶಾಖವನ್ನು ಒಣ ಮಣ್ಣಿಗಿಂತ ಹೆಚ್ಚು ಕೂಡಿಟ್ಟುಕೊಳ್ಳುತ್ತದೆ. ಆ ತಿಂಗಳುಗಳಲ್ಲಿ ಕೆಳಗಿನ ಪಾತಿಗೆ ಚಳಿ ತಾಳುವ ಎಲೆಕೋಸನ್ನು ಹಾಕಿ, ಬೀನ್ಸನ್ನು ಮೇಲಕ್ಕೆ ಒಯ್ಯಿರಿ. ತೋಟದ ತಳದಲ್ಲಿ ಒತ್ತಾದ ಬೇಲಿಯಿದ್ದರೆ ಒಂದೆರಡು ಕಡೆ ಕಡಿದು ತಣ್ಣನೆಯ ಗಾಳಿ ಇನ್ನೂ ಕೆಳಕ್ಕೆ ಹರಿದುಹೋಗಲು ದಾರಿ ಮಾಡಿಕೊಡಿ.