ವೈರಸ್ ಕಾಣದಿದ್ದರೂ ಇದೆ ಎನ್ನುವುದು ಹೇಗೆ?

ಪ್ರಶ್ನೆ: ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ವೈರಸ್ ಕಾಣಿಸದು, ಆದರೂ ಅದರಲ್ಲೇ ನೋಡಿ ವೈರಸ್ ಬೆಳೆದಿದೆಯೆಂದು ಹೇಳಬಹುದು ಎನ್ನುತ್ತಾಳೆ ಹಾಸನದಲ್ಲಿ ಬಿ.ಎಸ್ಸಿ. ಓದುತ್ತಿರುವ ನನ್ನ ಮಗಳು. ಇದು ಹೇಗೆ ಸಾಧ್ಯ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ನಿಮ್ಮ ಮಗಳ ಎರಡು ಮಾತೂ ಸರಿ. ಅರೇಬಿಕಾ ಕಾಫಿ ಗಿಡದೊಳಗೆ ಕುಳಿತ ಬಿಳಿ ಕಾಂಡಕೊರಕದ ಹುಳು ಕಣ್ಣಿಗೆ ಬೀಳದಿದ್ದರೂ, ತೊಗಟೆಯ ಮೇಲೆದ್ದ ಉಬ್ಬುಗೆರೆಯಿಂದ, ಹಳದಿಗೆ ತಿರುಗಿದ ಎಲೆಯಿಂದ ನಿಮ್ಮೂರಿನ ಬೆಳೆಗಾರರು ಅದನ್ನು ಪತ್ತೆ ಹಚ್ಚುತ್ತಾರಲ್ಲವೇ? ಇಲ್ಲಿಯೂ ಹಾಗೆಯೇ. ಪೋಲಿಯೊ ವೈರಸ್ಸಿನ ಅಡ್ಡಳತೆ ಸುಮಾರು 30 ನ್ಯಾನೊಮೀಟರ್. ಬೆಳಕಿನ ಸೂಕ್ಷ್ಮದರ್ಶಕವಾದರೋ ಸುಮಾರು 200 ನ್ಯಾನೊಮೀಟರಿಗಿಂತ ಚಿಕ್ಕದನ್ನು ಬಿಡಿಸಿ ತೋರಿಸಲಾರದು. ಆದರೆ ವೈರಸ್ ಹಾಳುಗೆಡವುವ ಜೀವಕೋಶ ಅದರ ನೂರಾರು ಪಟ್ಟು ದೊಡ್ಡದು.

ಪ್ಲಾಸ್ಟಿಕ್ ಫ್ಲಾಸ್ಕಿನ ತಳದಲ್ಲಿ ಜೀವಕೋಶಗಳನ್ನು ಒಂದೇ ಪದರವಾಗಿ ಬೆಳೆಸುತ್ತಾರೆ. 1962ರಲ್ಲಿ ಜಪಾನಿನಲ್ಲಿ ಆಫ್ರಿಕಾದ ಹಸಿರು ಮಂಗದ ಮೂತ್ರಪಿಂಡದಿಂದ ಪಡೆದ ವೆರೋ ಕೋಶಗಳು ಇದಕ್ಕೆ ಬಹಳ ಬಳಕೆಯಲ್ಲಿವೆ. ವೈರಸ್ ಇರಬಹುದಾದ ಮಾದರಿಯನ್ನು ಹಾಕಿದ ಮೇಲೆ, ಮಸೂರಗಳು ಕೆಳಗಿರುವ ಸೂಕ್ಷ್ಮದರ್ಶಕದಲ್ಲಿಟ್ಟು ದಿನವೂ ನೋಡುತ್ತಾರೆ. ಆರೋಗ್ಯವಾಗಿರುವ ಕೋಶಗಳು ಚಪ್ಪಟೆಯಾಗಿ, ಹಾಸುಗಲ್ಲು ಜೋಡಿಸಿದಂತೆ ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಪೋಲಿಯೊ ವೈರಸ್ ಹೊಕ್ಕ ಕೋಶಗಳು ದುಂಡಗಾಗಿ, ಅಂಚಿನಲ್ಲಿ ಹೊಳೆಯುತ್ತ, ಕೊನೆಗೆ ತಳವನ್ನು ಬಿಟ್ಟು ದ್ರವದಲ್ಲಿ ತೇಲತೊಡಗುತ್ತವೆ, ಪದರದಲ್ಲಿ ತೂತುಗಳೇಳುತ್ತವೆ. ದಡಾರದ ವೈರಸ್ಸಿನ ರೀತಿಯೇ ಬೇರೆ: ಅಕ್ಕಪಕ್ಕದ ಕೋಶಗಳು ಕೂಡಿಕೊಂಡು, ಹಲವು ಕೋಶಕೇಂದ್ರಗಳಿರುವ ಒಂದೇ ಮುದ್ದೆಯಾಗುತ್ತವೆ. ಇಂಥ ಹಾನಿಗೆ ಸೈಟೋಪ್ಯಾಥಿಕ್ ಪರಿಣಾಮವೆಂದು ಹೆಸರು. ಅನುಭವಿಗಳು ಹಾನಿಯ ರೂಪ ಮತ್ತು ಅದು ಕಾಣಿಸಲು ಹಿಡಿದ ದಿನಗಳಿಂದಲೇ ವೈರಸ್ಸಿನ ಗುಂಪನ್ನು ಊಹಿಸಬಲ್ಲರು.

1952ರಲ್ಲಿ ವೈರಸ್ ವಿಜ್ಞಾನಿ ರೆನಾಟೊ ಡಲ್ಬೆಕೊ ಪ್ರಾಣಿಗಳ ವೈರಸ್ಸುಗಳನ್ನು ಎಣಿಸುವುದಕ್ಕೂ ಈ ಹಾನಿಯನ್ನೇ ಬಳಸಿಕೊಂಡರು. ಕೋಶಪದರದ ಮೇಲೆ ಅಗಾರ್ ಎಂಬ ಲೋಳೆಯಂಥ ಗಟ್ಟಿ ಪದಾರ್ಥವನ್ನು ಹೊದಿಸಿದರೆ ವೈರಸ್ ದೂರ ಹರಡದೆ ನೆರೆಯ ಕೋಶಗಳನ್ನಷ್ಟೇ ಕೊಲ್ಲುತ್ತದೆ. ಬಣ್ಣ ಹಾಕಿದಾಗ ಸತ್ತ ಜಾಗ ಬಿಳಿಚುಕ್ಕೆಯಾಗಿ ಬರಿಗಣ್ಣಿಗೇ ಕಾಣುತ್ತದೆ.

ಆದರೆ ಎಲೆ ಹಳದಿಯಾದದ್ದಕ್ಕೆಲ್ಲ ಕೊರಕವೇ ಕಾರಣವಲ್ಲವಷ್ಟೆ. ಮಾದರಿಯಲ್ಲಿನ ನಂಜು, ಒಳಸೇರಿದ ಬ್ಯಾಕ್ಟೀರಿಯಾ ಕೂಡ ಕೋಶಗಳನ್ನು ಕೊಲ್ಲಬಲ್ಲವು. ಕೆಲವು ವೈರಸ್ಸುಗಳು ಯಾವ ಹಾನಿಯನ್ನೂ ತೋರದೆ ಒಳಗೇ ಬೆಳೆಯುತ್ತವೆ. ಆದ್ದರಿಂದ ಮಾದರಿ ಹಾಕದ ಇನ್ನೊಂದು ಫ್ಲಾಸ್ಕನ್ನು ಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ಬಳಿಕ, ಆಯಾ ವೈರಸ್ಸಿಗೇ ಅಂಟಿಕೊಂಡು ಹೊಳೆಯುವ ಪ್ರತಿಕಾಯಗಳಿಂದಲೋ ವೈರಸ್ಸಿನ ತಳಿವಸ್ತುವನ್ನು ನಕಲಿಸಿ ಹೆಚ್ಚಿಸಿ ಗುರುತಿಸುವ ಪಿಸಿಆರ್‌ನಿಂದಲೋ ಖಚಿತಪಡಿಸಿಕೊಳ್ಳುತ್ತಾರೆ. ನಮ್ಮ ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಶಂಕೆ ಬಂದಾಗಲಂತೂ ಕೋಶಗಳು ಸಾಯುವುದನ್ನು ಕಾಯುತ್ತ ಕೂರದೆ, ರಕ್ತದಲ್ಲಿ ವೈರಸ್ಸಿನ ತಳಿವಸ್ತುವಾದ ಆರ್‌ಎನ್‌ಎಯನ್ನೇ ಹುಡುಕುವ ಆರ್‌ಟಿ-ಪಿಸಿಆರ್ ಪರೀಕ್ಷೆ ಮಾಡುತ್ತಾರೆ.