ಭೌತಶಾಸ್ತ್ರ ಓದಿದವರಿಗೆ ಆಸ್ಪತ್ರೆಯಲ್ಲೂ ಕೆಲಸ

ಪ್ರಶ್ನೆ: ಎಂ.ಎಸ್ಸಿ. ಭೌತಶಾಸ್ತ್ರ ಮುಗಿಸಿದ್ದೇನೆ. ಖಗೋಳ ವಿಜ್ಞಾನದಲ್ಲಿ ಪಿಎಚ್.ಡಿ. ಸೀಟು ಸಿಗಲಿಲ್ಲ. ಪಾಠ ಹೇಳುವುದು ಬಿಟ್ಟರೆ ಬೇರೆ ದಾರಿಯೇ ಇಲ್ಲವೇ?

ಉತ್ತರ: ಖಂಡಿತ ಇದೆ. ಭೌತಶಾಸ್ತ್ರದ ಪಿಎಚ್.ಡಿ. ಪ್ರವೇಶಕ್ಕೆ ನಡೆಯುವ ಜೆಸ್ಟ್ ಪರೀಕ್ಷೆಯನ್ನು ಮತ್ತೆ ಬರೆಯಿರಿ, ಜೊತೆಗೆ ಮೆಡಿಕಲ್ ಫಿಸಿಕ್ಸ್ (ವೈದ್ಯಕೀಯದಲ್ಲಿ ಭೌತಶಾಸ್ತ್ರದ ಬಳಕೆ) ಕಡೆಗೂ ನೋಡಿ. ಕ್ಯಾನ್ಸರ್ ಆಸ್ಪತ್ರೆಗಳ ವಿಕಿರಣ ಚಿಕಿತ್ಸಾ ವಿಭಾಗಕ್ಕೆ ಇಂಥವರು ಬೇಕೇ ಬೇಕು. ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಒಂದು ವರ್ಷದ ರೇಡಿಯೊಲಾಜಿಕಲ್ ಫಿಸಿಕ್ಸ್ (ವಿಕಿರಣ ಭೌತಶಾಸ್ತ್ರ) ಡಿಪ್ಲೊಮಾ ಇದೆ. ಬಳಿಕ ಆಸ್ಪತ್ರೆಯಲ್ಲಿ ಒಂದು ವರ್ಷ ಇಂಟರ್ನ್‌ಶಿಪ್.

ಕೆಲಸ ಬಲು ನಾಜೂಕಿನದು. ಚಿಕಿತ್ಸಾ ಯಂತ್ರ ಕೊಡುವ ಡೋಸನ್ನು, ಅಂದರೆ ವಿಕಿರಣದ ಪ್ರಮಾಣವನ್ನು, ನೀರಿನ ತೊಟ್ಟಿಯಲ್ಲಿ 10 ಸೆಂ.ಮೀ. ಆಳದಲ್ಲಿಟ್ಟ ಅಯಾನ್ ಚೇಂಬರ್‌ನಿಂದ (ಒಳಗಿನ ಗಾಳಿಯ ಮೂಲಕ ವಿಕಿರಣ ಅಳೆಯುವ ಸಾಧನ) ಅಳೆಯುತ್ತಾರೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ತೆಳು, ಹಾಗಾಗಿ ಚೇಂಬರ್ ಸುಮಾರು ಶೇ 10ರಷ್ಟು ಕಡಿಮೆ ತೋರಿಸುತ್ತದೆ. ಒತ್ತಡದ ತಿದ್ದುಪಡಿ ಮರೆತು ಯಂತ್ರ ಹೊಂದಿಸಿದರೆ ರೋಗಿಯ ಮೈಮೇಲೆ ಅಷ್ಟೂ ಹೆಚ್ಚುವರಿ ವಿಕಿರಣ ಬೀಳುತ್ತದೆ.