ರಜೆ ಕೊಟ್ಟವರ ಹೆಸರಿದೆ, ಕೇಳಿದವರ ಹೆಸರಿಲ್ಲ

ಪ್ರಿಯ ಲೇಖಕರೇ,

ನೀವು ಕಳುಹಿಸಿದ ‘ಬಿಡುಗಡೆಯ ದಿನಗಳು’ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ಹಾಗೆಂದು ‘ಸ್ಥಳಾವಕಾಶದ ಕೊರತೆ’ ಎಂಬ ಒಂದು ಸಾಲಿನ ಉತ್ತರ ಬರೆದು ಕೈತೊಳೆದುಕೊಳ್ಳಲು ಮನಸ್ಸು ಒಪ್ಪಲಿಲ್ಲ. ವಿಷಯ ದೊಡ್ಡದು, ಅದರ ಬಗ್ಗೆ ನಿಮಗಿರುವ ಕಾಳಜಿಯೂ ನಿಜವಾದದ್ದು. ಅದಕ್ಕೇ ಇಷ್ಟು ಉದ್ದದ ಪತ್ರ.

ನಿಮ್ಮ ವಾದ ಇಷ್ಟು: ಗುಲಾಮಗಿರಿ ಕೊನೆಗೊಂಡ ನೆನಪಿಗೆ ಅಮೆರಿಕವು 2021ರಲ್ಲಿ ಜೂನ್ 19ನ್ನು ರಾಷ್ಟ್ರೀಯ ರಜೆಯಾಗಿ ಸಾರಿತು; ದಬ್ಬಾಳಿಕೆಯ ಇತಿಹಾಸವಿರುವ ಎಲ್ಲ ದೇಶಗಳೂ ಅಂಥದೊಂದು ದಿನವನ್ನು ಗೊತ್ತುಪಡಿಸಬೇಕು. ವಾದವನ್ನು ನಾನೂ ಒಪ್ಪುತ್ತೇನೆ. ನನ್ನ ತಕರಾರು ನೀವು ಅದನ್ನು ನಿರೂಪಿಸಿದ ಬಗೆಯ ಮೇಲೆ. ಅಧ್ಯಕ್ಷ ಲಿಂಕನ್ ಗುಲಾಮರ ಬಿಡುಗಡೆಯನ್ನು ಘೋಷಿಸಿದರು, ಜನರಲ್ ಗ್ರೇಂಜರ್ ಆದೇಶ ಹೊರಡಿಸಿದರು, ಅಧ್ಯಕ್ಷ ಬೈಡನ್ ಸಹಿ ಹಾಕಿದರು. ಗುಲಾಮರಾಗಿದ್ದವರೋ? ಅವರು ನಿಮ್ಮಲ್ಲಿ ‘ಆನಂದಬಾಷ್ಪ ಸುರಿಸಿದರು’, ‘ಕುಣಿದು ಕುಪ್ಪಳಿಸಿದರು’. ಏನಾದರೂ ಮಾಡುವ ಕ್ರಿಯಾಪದಗಳೆಲ್ಲ ಅಧಿಕಾರದಲ್ಲಿದ್ದವರ ಪಾಲಾಗಿವೆ. ಬಿಡುಗಡೆಯನ್ನು ಕುರಿತ ಲೇಖನದಲ್ಲಿ ಬಿಡುಗಡೆಗೊಂಡವರು ಪ್ರೇಕ್ಷಕರಾಗಿ ನಿಂತಿದ್ದಾರೆ. ಇದನ್ನು ನಾನು ಭಾಷೆಯ ದೋಷವೆಂದು ಬಿಟ್ಟುಬಿಡಲಾರೆ. ಇಂಥ ರಜೆಗಳು ಯಾವ ಕಥೆಯನ್ನು ತಿದ್ದಲು ಹುಟ್ಟಿದವೋ ಅದೇ ಕಥೆಯನ್ನು ನೀವು ಮತ್ತೆ ಬರೆದಿದ್ದೀರಿ.

ಮೊದಲ ಪ್ಯಾರಾದಿಂದಲೇ ನೋಡೋಣ. ‘1863ರಲ್ಲಿ ದೊರೆತ ಸ್ವಾತಂತ್ರ್ಯದ ಸುದ್ದಿ ಟೆಕ್ಸಾಸ್ ತಲುಪಲು ಎರಡೂವರೆ ವರ್ಷ ಹಿಡಿಯಿತು’ ಎಂದಿದ್ದೀರಿ. ಎಲ್ಲರೂ ಹೀಗೆಯೇ ಬರೆಯುತ್ತಾರೆ, ಓದಲು ಹಿತವಾಗಿಯೂ ಇದೆ. ಯಾರದೂ ತಪ್ಪಿಲ್ಲ, ಅಂಚೆ ತಡವಾಯಿತು ಎಂಬಂತೆ. ಆದರೆ ಮಾಲೀಕರಿಗೆ ಸುದ್ದಿ ಚೆನ್ನಾಗಿಯೇ ಗೊತ್ತಿತ್ತು. ಅಂತರ್ಯುದ್ಧದಲ್ಲಿ ಉತ್ತರದ, ಅಂದರೆ ಒಕ್ಕೂಟದ ಸೇನೆ ಹತ್ತಿರವಾದಂತೆಲ್ಲ ಅಕ್ಕಪಕ್ಕದ ರಾಜ್ಯಗಳ ಮಾಲೀಕರು ತಮ್ಮ ಗುಲಾಮರನ್ನು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಟೆಕ್ಸಾಸ್‌ಗೆ ಸಾಗಿಸಿದ್ದೇ ಘೋಷಣೆ ಅಲ್ಲಿಯವರೆಗೆ ಬರಲಾರದು ಎಂಬ ಲೆಕ್ಕಾಚಾರದಿಂದ. ಅಲ್ಲಿ ಸುಮಾರು ಎರಡೂವರೆ ಲಕ್ಷ ಜನ ಗುಲಾಮಗಿರಿಯಲ್ಲಿದ್ದರು. ಘೋಷಣೆಯನ್ನು ಜಾರಿಗೊಳಿಸುವ ಸೇನೆ ಗ್ಯಾಲ್ವೆಸ್ಟನ್ ಬಂದರಿಗೆ ಬಂದು ನೆಲೆಯೂರಿದ್ದು 1865ರ ಜೂನ್‌ನಲ್ಲಿ. ತಡವಾದದ್ದು ಸುದ್ದಿಯಲ್ಲ, ಜಾರಿ. ಈ ಒಂದು ತಿದ್ದುಪಡಿ ಮಾಡಿದರೆ ನಿಮ್ಮ ಇಡೀ ಲೇಖನದ ದಿಕ್ಕು ಬದಲಾಗುತ್ತದೆ. ಇನ್ನೊಂದು ಮಾತು: ಲಿಂಕನ್ ಘೋಷಣೆ ಬಂಡೆದ್ದ ಪ್ರದೇಶಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಒಕ್ಕೂಟದಲ್ಲೇ ಉಳಿದಿದ್ದ ಡೆಲವೇರ್ ಮತ್ತು ಕೆಂಟಕಿಯಲ್ಲಿ 1865ರ ಡಿಸೆಂಬರ್‌ನಲ್ಲಿ ಸಂವಿಧಾನದ ಹದಿಮೂರನೆಯ ತಿದ್ದುಪಡಿ ಅಂಗೀಕಾರವಾಗುವವರೆಗೂ ಗುಲಾಮಗಿರಿ ಕಾನೂನುಬದ್ಧವಾಗಿಯೇ ಇತ್ತು. ಆದ್ದರಿಂದ ‘ಜೂನ್ 19ರಂದು ಕೊನೆಯ ಗುಲಾಮನ ಸಂಕೋಲೆ ಕಳಚಿತು’ ಎಂಬ ನಿಮ್ಮ ಮೆಚ್ಚಿನ ವಾಕ್ಯವನ್ನು ತೆಗೆಯಬೇಕಾಗುತ್ತದೆ.

ಈಗ ಆ ಸೇನೆಯ ಜನರಲ್ ಗ್ರೇಂಜರ್ 1865ರ ಜೂನ್ 19ರಂದು ಗ್ಯಾಲ್ವೆಸ್ಟನ್‌ನಲ್ಲಿ ಹೊರಡಿಸಿದ ಆದೇಶಕ್ಕೆ, ಅಂದರೆ ‘ಸಾಮಾನ್ಯ ಆದೇಶ ಸಂಖ್ಯೆ 3’ಕ್ಕೆ ಬರುತ್ತೇನೆ. ಅದರ ಮೊದಲ ವಾಕ್ಯವನ್ನಷ್ಟೇ ಉಲ್ಲೇಖಿಸಿದ್ದೀರಿ: ಎಲ್ಲ ಗುಲಾಮರೂ ಸ್ವತಂತ್ರರು. ಆದೇಶ ಅಲ್ಲಿಗೆ ಮುಗಿಯುವುದಿಲ್ಲ. ಮಾಲೀಕ ಮತ್ತು ಗುಲಾಮ ಎಂಬ ಸಂಬಂಧ ಇನ್ನು ಮುಂದೆ ಧಣಿ ಮತ್ತು ಕೂಲಿಯಾಳಿನ ಸಂಬಂಧವಾಗುತ್ತದೆ ಎನ್ನುತ್ತದೆ. ಬಿಡುಗಡೆಗೊಂಡವರು ಈಗಿರುವ ಮನೆಗಳಲ್ಲೇ ಸದ್ದಿಲ್ಲದೆ ಉಳಿದು ಕೂಲಿಗೆ ದುಡಿಯಬೇಕು ಎಂದು ಸಲಹೆ ಕೊಡುತ್ತದೆ. ಸೇನಾ ಠಾಣೆಗಳ ಬಳಿ ಗುಂಪುಗೂಡಲು ಬಿಡುವುದಿಲ್ಲ, ಕೆಲಸವಿಲ್ಲದೆ ಕೂತವರನ್ನು ಅಲ್ಲಾಗಲಿ ಬೇರೆಲ್ಲೇ ಆಗಲಿ ಪೋಷಿಸುವುದಿಲ್ಲ ಎಂದು ಎಚ್ಚರಿಸುತ್ತದೆ. ನಿನ್ನೆಯವರೆಗೆ ಚಾವಟಿ ಹಿಡಿದಿದ್ದವನ ಹೊಲದಲ್ಲೇ, ಅವನು ಹಾಕಿಕೊಟ್ಟ ಗುಡಿಸಿಲಿನಲ್ಲೇ ಉಳಿಯಬೇಕು, ಸದ್ದು ಮಾಡದೆ! ಜೀವಮಾನವಿಡೀ ಬಿಟ್ಟಿ ದುಡಿದವರಿಗೆ ಸ್ವಾತಂತ್ರ್ಯದ ಮೊದಲ ದಿನವೇ ಸಿಕ್ಕಿದ್ದು ಸೋಮಾರಿತನದ ಬಗ್ಗೆ ಬುದ್ಧಿವಾದ. ಒಂದೇ ಕಾಗದದಲ್ಲಿ ಬಿಡುಗಡೆಯೂ ಇದೆ, ಅದರ ಕಡಿವಾಣವೂ ಇದೆ. ನಿಮ್ಮ ಲೇಖನ ಶುರುವಾಗಬೇಕಾದದ್ದು ಇಲ್ಲಿಂದ. ಆ ಸಲಹೆಯನ್ನು ಎಷ್ಟೋ ಜನ ಕೇಳಲಿಲ್ಲ. ಬೇರೆ ಕಡೆ ಮಾರಾಟವಾಗಿದ್ದ ಮಕ್ಕಳನ್ನು, ಗಂಡ ಹೆಂಡಿರನ್ನು ಹುಡುಕಿಕೊಂಡು ಹೊರಟುಬಿಟ್ಟರು. ಮರುವರ್ಷದಿಂದಲೇ ಆ ದಿನವನ್ನು ಹಬ್ಬವಾಗಿ ಆಚರಿಸತೊಡಗಿದರು. 1872ರಲ್ಲಿ ಹ್ಯೂಸ್ಟನ್ನಿನ ಕಪ್ಪು ಸಮುದಾಯದವರು ತಮ್ಮೊಳಗೇ ಹಣ ಕೂಡಿಸಿ, ಆಚರಣೆಗೆಂದೇ 10 ಎಕರೆ ಜಾಗ ಕೊಂಡರು. ಅದೇ ಇಂದಿನ ಎಮ್ಯಾನ್ಸಿಪೇಷನ್ ಪಾರ್ಕ್. ಸರ್ಕಾರ ಆ ತಾರೀಖನ್ನು ಗುರುತಿಸುವ ಎಷ್ಟೋ ಮೊದಲೇ ಜನ ಅದಕ್ಕೊಂದು ನೆಲೆ ಕಲ್ಪಿಸಿದ್ದರು.

1865ರಿಂದ ಸೀದಾ 2021ಕ್ಕೆ ಹಾರಿದ್ದೀರಿ. ಮಧ್ಯದ ಒಂದೂವರೆ ಶತಮಾನದಲ್ಲೇ ನಿಮ್ಮ ವಿಷಯವಿರುವುದು. ಹ್ಯೂಸ್ಟನ್ನಿನ ಶಾಸಕ ಅಲ್ ಎಡ್ವರ್ಡ್ಸ್ 1979ರಲ್ಲಿ ಮಸೂದೆ ಮಂಡಿಸಿ, ಟೆಕ್ಸಾಸ್‌ನಲ್ಲಿ ಜೂನ್ 19 ಅಧಿಕೃತ ರಜೆಯಾಗುವಂತೆ ನೋಡಿಕೊಂಡರು. ಓಪಲ್ ಲೀ ಅವರ ಹೆಸರನ್ನಂತೂ ನೀವು ಬರೆದೇ ಇಲ್ಲ. 1939ರ ಜೂನ್ 19ರಂದು, ಆಕೆಗೆ ಹನ್ನೆರಡು ವರ್ಷವಾಗಿದ್ದಾಗ, ಫೋರ್ಟ್‌ವರ್ತ್‌ನಲ್ಲಿ ಬಿಳಿಯರ ಗುಂಪೊಂದು ಅವರ ಮನೆಗೆ ಬೆಂಕಿ ಹಚ್ಚಿತು. ಕುಟುಂಬ ಆ ಬಡಾವಣೆಗೆ ಬಂದು ಕೆಲವೇ ದಿನಗಳಾಗಿದ್ದವು. 2016ರಲ್ಲಿ, 89ರ ವಯಸ್ಸಿನಲ್ಲಿ, ಈ ರಜೆ ಇಡೀ ದೇಶಕ್ಕೆ ಬೇಕೆಂದು ಕೇಳಲು ಆಕೆ ವಾಷಿಂಗ್ಟನ್ನಿನತ್ತ ನಡಿಗೆ ಹೊರಟರು. ಊರೂರುಗಳಲ್ಲಿ ಎರಡೂವರೆ ಮೈಲಿಯಂತೆ ನಡೆದರು. ಟೆಕ್ಸಾಸ್ ಕಾದ ಎರಡೂವರೆ ವರ್ಷಗಳ ಲೆಕ್ಕ ಅದು. ಬೈಡನ್ ಸಹಿ ಹಾಕಿದ 2021ರ ಜೂನ್ 17ರಂದು 94ರ ಓಪಲ್ ಲೀ ಅಲ್ಲೇ ಇದ್ದರು. ಸಹಿ ಹಾಕಿದ ಲೇಖನಿಯ ಬಗ್ಗೆ ನಾಲ್ಕು ಸಾಲು ಬರೆದಿರುವ ನೀವು ಈಕೆಗೆ ಒಂದು ಸಾಲನ್ನೂ ಕೊಡದಿರುವುದು ನನಗೆ ನೋವು ತಂದಿತು.

ಬೇರೆ ದೇಶಗಳ ಬಗ್ಗೆ ಬರೆದ ಭಾಗ ಇನ್ನೂ ಅವಸರದ್ದು. ‘1834ರ ಆಗಸ್ಟ್ 1ರಂದು ಬ್ರಿಟನ್ ತನ್ನ ವಸಾಹತುಗಳ ಗುಲಾಮರಿಗೆ ಸ್ವಾತಂತ್ರ್ಯ ನೀಡಿತು’ ಎಂದಿದ್ದೀರಿ. ಅಂದು ಪೂರ್ತಿ ಬಿಡುಗಡೆ ಸಿಕ್ಕಿದ್ದು ಆರು ವರ್ಷದೊಳಗಿನ ಮಕ್ಕಳಿಗೆ. ಉಳಿದವರು ‘ತರಬೇತಿ’ಯ ನೆಪದಲ್ಲಿ ಅದೇ ಮಾಲೀಕರ ಬಳಿ ದುಡಿಯಬೇಕಿತ್ತು, ಹೊಲದಾಳುಗಳಾದರೆ ಆರು ವರ್ಷ. ಎರಡು ಕೋಟಿ ಪೌಂಡ್ ಪರಿಹಾರ ಹೋದದ್ದು ಮಾಲೀಕರಿಗೆ. ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಅಂದೇ ಜನ, ಅವರಲ್ಲಿ ಹೆಚ್ಚಿನವರು ವಯಸ್ಸಾದವರು, ಸರ್ಕಾರಿ ಭವನದ ಮುಂದೆ ಸೇರಿ ‘ಆರು ವರ್ಷ ಬೇಡ’ ಎಂದು ಕೂಗಿದರು. ಆ ವ್ಯವಸ್ಥೆ 1838ರಲ್ಲೇ ಕೊನೆಗೊಂಡಿತು. ಇದೇ ಟ್ರಿನಿಡಾಡ್ ಮತ್ತು ಟೊಬೇಗೊ 1985ರಲ್ಲಿ ಆಗಸ್ಟ್ 1ನ್ನು ರಾಷ್ಟ್ರೀಯ ರಜೆ ಮಾಡಿತು. ಅದಕ್ಕೆ ಜಾಗ ಮಾಡಲು ಕೈಬಿಟ್ಟದ್ದು ಕೊಲಂಬಸ್ ಬಂದಿಳಿದ ದಿನದ ರಜೆಯನ್ನು. ಜಮೈಕಾದಲ್ಲಿ 1962ರ ಸ್ವಾತಂತ್ರ್ಯದ ನಂತರ ವಿಮೋಚನಾ ದಿನದ ರಜೆ ಕ್ಯಾಲೆಂಡರಿನಿಂದ ಹೋಯಿತು, 1997ರಲ್ಲಿ ಮರಳಿತು. ಸಿಕ್ಕ ರಜೆ ಸಿಕ್ಕಂತೆಯೇ ಉಳಿಯುತ್ತದೆಂಬ ಖಾತರಿಯಿಲ್ಲ.

ಬ್ರೆಜಿಲ್ ನಿಮಗೆ ಬಹಳ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಎರಡು ತಾರೀಖುಗಳಿದ್ದವು. 1888ರ ಮೇ 13, ರಾಜಕುಮಾರಿ ಇಸಾಬೆಲ್ ಗುಲಾಮಗಿರಿ ರದ್ದತಿಯ ಕಾನೂನಿಗೆ ಸಹಿ ಹಾಕಿದ ದಿನ. 1695ರ ನವೆಂಬರ್ 20, ತಪ್ಪಿಸಿಕೊಂಡು ಬಂದ ಗುಲಾಮರು ಕಟ್ಟಿದ ಪಾಲ್ಮಾರೆಸ್ ಎಂಬ ನೆಲೆಯ ನಾಯಕ ಜುಂಬಿ ಕೊಲ್ಲಲ್ಪಟ್ಟ ದಿನ. ಕಪ್ಪು ಜನರ ಸಂಘಟನೆಗಳು ದಶಕಗಳ ಕಾಲ ಪಟ್ಟು ಹಿಡಿದದ್ದು ಎರಡನೆಯದಕ್ಕೆ. 2023ರ ಕಾನೂನಿನಿಂದ ಅದೇ ರಾಷ್ಟ್ರೀಯ ರಜೆಯಾಯಿತು. ಯಾವ ದಿನವನ್ನು ಆರಿಸುತ್ತೇವೆ ಎಂಬುದರಲ್ಲೇ ಯಾರನ್ನು ನೆನೆಯುತ್ತೇವೆ ಎಂಬುದೂ ಇತ್ಯರ್ಥವಾಗುತ್ತದೆ. ‘ಎಲ್ಲ ದೇಶಗಳೂ ಒಂದು ದಿನ ಗೊತ್ತುಪಡಿಸಲಿ’ ಎನ್ನುವ ನೀವು ಈ ಜಗಳವನ್ನು ದಾಟಿ ಮುಂದೆ ಹೋಗುವಂತಿಲ್ಲ.

ರಜೆ ಯಾರಿಗೆ ಸಿಗುತ್ತದೆ ಎಂಬುದನ್ನೂ ಬರೆಯಿರಿ. ಅಮೆರಿಕದ ರಾಷ್ಟ್ರೀಯ ರಜೆಯ ಕಾನೂನು ಕೇಂದ್ರ ಸರ್ಕಾರದ ನೌಕರರಿಗೆ ಸಂಬಳ ಸಹಿತ ಬಿಡುವು ಕೊಡುತ್ತದೆ. ರಾಜ್ಯಗಳು ತಮ್ಮ ರಜೆಯನ್ನು ತಾವೇ ತೀರ್ಮಾನಿಸುತ್ತವೆ. ಖಾಸಗಿ ಕಂಪನಿಗಳ ಮೇಲೆ ಯಾವ ಒತ್ತಾಯವೂ ಇಲ್ಲ. ಗೋದಾಮಿನಲ್ಲಿ ಪೆಟ್ಟಿಗೆ ಹೊರುವವರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು ಅಂದೂ ಕೆಲಸಕ್ಕೆ ಹೋಗಬೇಕಾಗಬಹುದು. ರಜೆ ಬಂದ ಮರುವರ್ಷವೇ ದೊಡ್ಡ ಮಳಿಗೆ ಸರಣಿಯೊಂದು ಅದರ ಹೆಸರಿನಲ್ಲಿ ಐಸ್‌ಕ್ರೀಮ್ ಮಾರಲು ಹೊರಟು, ಜನ ಸಿಟ್ಟಿಗೆದ್ದ ಮೇಲೆ ಹಿಂದಕ್ಕೆ ಪಡೆಯಿತು. ಇದರಿಂದ ರಜೆಯೇ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಶಾಲೆಗಳಲ್ಲಿ, ಪತ್ರಿಕೆಗಳಲ್ಲಿ ಪ್ರತಿವರ್ಷ ಗ್ರೇಂಜರ್ ಆದೇಶದ ಮಾತು ಬರುವುದಕ್ಕೆ ಈ ರಜೆಯೇ ಕಾರಣ, ಅದು ಸಣ್ಣ ಗಳಿಕೆಯಲ್ಲ. ಆದರೆ ಓದುಗರಿಗೆ ಎರಡನ್ನೂ ಹೇಳಬೇಕು.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಕರಾಳ’, ‘ಅಮಾನುಷ’, ‘ಹೃದಯವಿದ್ರಾವಕ’ ಪದಗಳನ್ನೆಲ್ಲ ಹೊಡೆದುಹಾಕಿದ್ದೇನೆ. ಪಕ್ಕದಲ್ಲಿ ಒಂದು ಸಂಗತಿಯಿದ್ದರೆ ಅವು ಬೇಕಾಗುವುದಿಲ್ಲ. ವಿಶ್ವಶಾಂತಿಯ ಆಶಯವಿರುವ ಕೊನೆಯ ಪ್ಯಾರಾ ಪೂರ್ತಿ ಹೋಗಲಿ. ಅಲ್ಲಿ ಉಳಿಯುವ ಜಾಗವನ್ನು ಓಪಲ್ ಲೀ ಅವರಿಗೆ ಕೊಡಿ. ಏಳು ದೇಶಗಳ ಬದಲು ಎರಡನ್ನು ಆರಿಸಿಕೊಳ್ಳಿ. ಟೆಕ್ಸಾಸ್ ಮತ್ತು ಬ್ರೆಜಿಲ್ ಆದರೆ ಸಾಕು ಎಂದು ನನಗನ್ನಿಸುತ್ತದೆ, ಆಯ್ಕೆ ನಿಮ್ಮದು. ಗ್ರೇಂಜರ್ ಆದೇಶದ ಪೂರ್ಣ ಪಾಠವನ್ನು ಲೇಖನದೊಳಗೇ ಕೊಡಿ, ಅದು ಚಿಕ್ಕದೇ ಇದೆ. ತಿದ್ದಿದ ಪ್ರತಿಯನ್ನು ನೇರವಾಗಿ ನನ್ನ ಹೆಸರಿಗೇ ಕಳುಹಿಸಿ. ಖಂಡಿತ ಓದುತ್ತೇನೆ.

ಇಂತಿ,
ಸಂಪಾದಕ